ಆದ ತಡ, ಮಾಡಿದ ತಡ: ಊರ ಟೂರ್ನಿಯ ಅಂಪೈರ್ ಹೊತ್ತಿನ ವಿಷಯದಲ್ಲಿ ಎಷ್ಟು ಬಿಗಿಯಾಗಿರಬೇಕು?

ಅಡಿಕೆ ಕೊಯ್ಲು ಒಂದು ಹದಕ್ಕೆ ಬಂದು, ಗದ್ದೆ ಬಯಲು ಒಣಗಿತು ಅಂದರೆ ನಮ್ಮ ಕಡೆ ಟೆನ್ನಿಸ್ ಬಾಲ್ ಟೂರ್ನಿಗಳು ಶುರು. ಅದರ ಜೊತೆಗೇ ನನ್ನ ಮೊಬೈಲಿಗೆ ಒಂದೇ ಪ್ರಶ್ನೆ ಹತ್ತು ಥರದಲ್ಲಿ ಬರುತ್ತದೆ. "ಸರ್, ಫೀಲ್ಡಿಂಗ್ ಟೀಮು ಬೇಕಂತಲೇ ಲೇಟ್ ಮಾಡ್ತಾ ಇದ್ರೆ ರನ್ ಕಟ್ ಮಾಡ್ಬಹುದಾ?" "ಬ್ಯಾಟ್ಸ್‌ಮನ್ ಬರೋಕೆ ತಡ ಮಾಡಿದ್ರೆ ಔಟ್ ಕೊಡ್ಬಹುದಾ?" "ಇಷ್ಟು ಸಣ್ಣ ವಿಷಯಕ್ಕೆಲ್ಲ ರೂಲ್ಸ್ ಮಾತಾಡಿದ್ರೆ ಗಲಾಟೆ ಆಗಲ್ವಾ?" ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಎಲ್ಲ ಕಡೆಯಿಂದಲೂ ಇದೇ. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳಿ ಸಾಕಾಗಿದೆ. ಈ ಸೀಸನ್‌ಗೆ ಮೊದಲೇ ಪೂರ್ತಿ ಬರೆದುಬಿಡುತ್ತೇನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎಚ್ಚರಿಕೆ ಕೊಡುವುದರಲ್ಲಿ ಧಾರಾಳಿಯಾಗಿರಿ, ದಂಡ ಹಾಕುವುದರಲ್ಲಿ ಜಿಪುಣರಾಗಿರಿ. ಆದರೆ ಬೆಳಗಿನ ಮೊದಲ ಮ್ಯಾಚಿನಲ್ಲಿ ಬಿಟ್ಟದ್ದನ್ನು ಸಂಜೆಯ ಫೈನಲ್‌ನಲ್ಲಿ ಹಿಡಿಯಲು ಹೋಗಬೇಡಿ. ಗಲಾಟೆ ಆಗುವುದು ಅಲ್ಲೇ.

ಇಷ್ಟು ಸಣ್ಣ ವಿಷಯಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನುವವರಿಗೆ ಒಂದು ಲೆಕ್ಕ. 16 ಟೀಮಿನ ನಾಕೌಟ್ ಅಂದರೆ, ಸೋತವರು ಮನೆಗೆ ಅನ್ನುವ ಟೂರ್ನಿ ಅಂದರೆ, 15 ಮ್ಯಾಚ್. ಆರು ಓವರಿನ ಮ್ಯಾಚಿಗೆ ಎರಡೂ ಕಡೆಯಿಂದ 12 ಓವರ್. ಓವರಿಗೆ 4 ನಿಮಿಷ ಹಿಡಿದರೆ 48 ನಿಮಿಷದ ಆಟ. ಟಾಸ್, ನಡುವಿನ ಬಿಡುವು ಸೇರಿ ಒಂದು ಗಂಟೆ. ದಿನಕ್ಕೆ ಎಂಟು ಮ್ಯಾಚ್ ಆಡಿಸಿದರೆ ಶನಿವಾರ, ಭಾನುವಾರ ಎರಡು ದಿನದಲ್ಲಿ ಮುಗಿಯುತ್ತದೆ. ಈಗ ಪ್ರತಿ ಓವರಿಗೆ ಅರ್ಧ ನಿಮಿಷ ಜಾಸ್ತಿಯಾಯಿತು ಅಂದುಕೊಳ್ಳಿ. ಮೈದಾನದಲ್ಲಿದ್ದವರಿಗೆ ಅದು ಗೊತ್ತೂ ಆಗುವುದಿಲ್ಲ. ಮ್ಯಾಚಿಗೆ 6 ನಿಮಿಷ, ಎಂಟು ಮ್ಯಾಚಿಗೆ 48 ನಿಮಿಷ. ಒಂದು ಇಡೀ ಮ್ಯಾಚಿನ ಆಟ ಹೋಯಿತು. ಡಿಸೆಂಬರಿನಲ್ಲಿ ಬೆಳಿಗ್ಗೆ ಮಂಜು ಕರಗುವವರೆಗೆ ಬಾಲು ಸರಿಯಾಗಿ ಕಾಣುವುದಿಲ್ಲ. ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಗುಡ್ಡದ ಮಗ್ಗುಲಿನ ಬ್ಯಾಣದಲ್ಲಿ, ಅಂದರೆ ಹುಲ್ಲು ಬಯಲಿನಲ್ಲಿ, ಐದೂವರೆಗೇ ಬಾಲು ಮಂಕು. ಆ 48 ನಿಮಿಷವನ್ನು ಎಲ್ಲಿಂದ ತರುತ್ತೀರಿ? ಕೊನೆಗೆ ಸೆಮಿಫೈನಲ್ ನಾಲ್ಕು ಓವರಿಗೆ ಇಳಿಯುತ್ತದೆ, ಬೈಗುಳ ಅಂಪೈರಿಗೆ ಬೀಳುತ್ತದೆ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಸ್ಟಾಪ್‌ವಾಚ್ ಇರುವ ಒಂದು ಮೊಬೈಲ್, ಜೇಬಿಗೆ ಒಂದು ಸಣ್ಣ ನೋಟ್‌ಬುಕ್ಕು, ಪೆನ್ನು, ಆಡಿ ಸವೆದ ನಾಲ್ಕೈದು ಬಾಲು, ನಿಯಮ ಬರೆದ ಒಂದು ಹಾಳೆ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿಡಿ. ಸೆಕೆಂಡು ಎಣಿಸುವಾಗ ಮನೆಯಿಂದ ಫೋನ್ ಬಂದು, ಅಂಪೈರೇ ಮಾತಾಡುತ್ತ ನಿಂತರೆ ಆಮೇಲೆ ಯಾರಿಗೂ ಬುದ್ಧಿ ಹೇಳುವ ಹಾಗಿಲ್ಲ.

1. ಪುಸ್ತಕದಲ್ಲಿ ಏನಿದೆ ಅಂತ ಮೊದಲು ತಿಳಿದುಕೊಳ್ಳಿ

ಕ್ರಿಕೆಟ್ಟಿನ ನಿಯಮ ಬರೆಯುವುದು ಲಂಡನ್ನಿನ ಎಂಸಿಸಿ, ಅಂದರೆ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್. ಹೊತ್ತಿಗೆ ಸಂಬಂಧಪಟ್ಟದ್ದು ಅದರಲ್ಲಿ ಮುಖ್ಯವಾಗಿ ಮೂರು ಕಡೆ ಬರುತ್ತದೆ.

ಮೊದಲನೆಯದು ನಿಯಮ 40, ಟೈಮ್ಡ್ ಔಟ್. ಒಬ್ಬ ಔಟಾದ ಮೇಲೆ 3 ನಿಮಿಷದೊಳಗೆ ಹೊಸಬ ಬಾಲು ಎದುರಿಸಲು ರೆಡಿ ಇರಬೇಕು. ಅವನು ನಾನ್ ಸ್ಟ್ರೈಕರ್ ಆದರೆ, ಅಂದರೆ ಬೌಲರ್ ತುದಿಯಲ್ಲಿ ನಿಲ್ಲುವವನಾದರೆ, ಅವನ ಜೊತೆಗಾರ ರೆಡಿ ಇರಬೇಕು. ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಹೊತ್ತು ಮೀರಿತು ಅಂತ ಅಂಪೈರ್ ತಾನಾಗಿಯೇ ಬೆರಳೆತ್ತುವ ಹಾಗಿಲ್ಲ. ಫೀಲ್ಡಿಂಗ್ ಟೀಮು ಅಪೀಲ್ ಮಾಡಬೇಕು. ಅವರು ಕೇಳಲಿಲ್ಲ ಅಂದರೆ ನೀವೂ ಕೇಳಿಸಿಕೊಳ್ಳಲಿಲ್ಲ, ಅಷ್ಟೇ. ಈ ವಿಕೆಟ್ ಬೌಲರ್ ಲೆಕ್ಕಕ್ಕೂ ಸೇರುವುದಿಲ್ಲ. ಅದನ್ನು ಸ್ಕೋರರ್‌ಗೆ ಹೇಳಿಡಿ.

ಎರಡನೆಯದು ನಿಯಮ 41.9, ಫೀಲ್ಡಿಂಗ್ ಟೀಮು ಹೊತ್ತು ಕಳೆಯುವುದು. ಮೊದಲ ಸಲಕ್ಕೆ ಕ್ಯಾಪ್ಟನ್‌ಗೆ ಎಚ್ಚರಿಕೆ, ಅದೇ ಮೊದಲನೆಯದು ಅದೇ ಕೊನೆಯದು. ಅದೇ ಇನ್ನಿಂಗ್ಸಿನಲ್ಲಿ ಮತ್ತೆ ಮಾಡಿದರೆ ಎರಡು ದಾರಿ. ಓವರ್ ನಡೆಯುತ್ತಿಲ್ಲದಾಗ ತಡ ಮಾಡಿದ್ದರೆ ಬ್ಯಾಟಿಂಗ್ ಟೀಮಿಗೆ 5 ರನ್. ಓವರ್ ನಡುವೆಯೇ ಮಾಡಿದ್ದರೆ ರನ್ ಇಲ್ಲ, ಆ ಬೌಲರ್‌ನನ್ನೇ ತೆಗೆಸಬೇಕು. ಆ ಇನ್ನಿಂಗ್ಸಿನಲ್ಲಿ ಅವನು ಮತ್ತೆ ಬೌಲ್ ಮಾಡುವ ಹಾಗಿಲ್ಲ. ಉಳಿದ ಬಾಲನ್ನು ಹಾಕಲು ಬರುವವನು ಹಿಂದಿನ ಓವರ್ ಹಾಕಿದವನಾಗಿರಬಾರದು, ಮುಂದಿನ ಓವರನ್ನೂ ಅವನು ಹಾಕಬಾರದು. ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ.

ಮೂರನೆಯದು 41.10, ಬ್ಯಾಟ್ಸ್‌ಮನ್ ಹೊತ್ತು ಕಳೆಯುವುದು. ಬೌಲರ್ ಓಡಿ ಬರಲು ರೆಡಿಯಾದಾಗ ಸ್ಟ್ರೈಕರ್ ರೆಡಿ ಇರಬೇಕು. ಇಲ್ಲೂ ಒಂದು ಎಚ್ಚರಿಕೆ, ಆಮೇಲೆ ಫೀಲ್ಡಿಂಗ್ ಟೀಮಿಗೆ 5 ರನ್. ಈ ಎಚ್ಚರಿಕೆ ಒಬ್ಬ ಬ್ಯಾಟ್ಸ್‌ಮನ್‌ಗೆ ಮಾತ್ರ ಅಲ್ಲ. ಆ ಇನ್ನಿಂಗ್ಸಿನಲ್ಲಿ ಮುಂದೆ ಬರುವ ಎಲ್ಲರಿಗೂ ಅದೇ ಲಾಗೂ. ಹೊಸದಾಗಿ ಬಂದವನಿಗೂ ಹೇಳಬೇಕು.

ಈಗ "ರನ್ ಕಟ್" ವಿಷಯ. ಯಾರ ರನ್ನನ್ನೂ ಕಟ್ ಮಾಡುವುದಿಲ್ಲ. ಪೆನಾಲ್ಟಿ ರನ್ ಅಂದರೆ ಎದುರಾಳಿಯ ಲೆಕ್ಕಕ್ಕೆ ಸೇರಿಸುವ ರನ್. ಮೊದಲು ಬ್ಯಾಟ್ ಮಾಡುತ್ತಿರುವವರು ತಪ್ಪು ಮಾಡಿ, ಫೀಲ್ಡಿಂಗ್ ಟೀಮು ಇನ್ನೂ ಬ್ಯಾಟ್ ಹಿಡಿದೇ ಇಲ್ಲ ಅಂದರೆ ಅವರ ಇನ್ನಿಂಗ್ಸ್ 5 ರನ್ನಿನಿಂದ ಶುರುವಾಗುತ್ತದೆ. ಚೇಸ್ ಮಾಡುವವರು ತಪ್ಪು ಮಾಡಿದರೆ ಆಗಲೇ ಆಡಿ ಮುಗಿಸಿದವರ ಸ್ಕೋರಿಗೆ 5 ಸೇರಿ ಟಾರ್ಗೆಟ್ ಏರುತ್ತದೆ. "ನಿಮ್ಮದು ಐದು ಮೈನಸ್" ಅಂತ ಮೈಕಿನಲ್ಲಿ ಕೂಗಿಸಬೇಡಿ. ಆಟಗಾರರಿಗೆ ಉರಿಯುವುದು ಆ ಮಾತಿಗೇ.

2. ನಿಮ್ಮ ಟೂರ್ನಿಗೆ ತಕ್ಕ ಹಾಗೆ ಒಂದು ಹಾಳೆ ಬರೆಸಿ

ಎಂಸಿಸಿಯ 3 ನಿಮಿಷ ಲೆಕ್ಕ ದೊಡ್ಡ ಮೈದಾನದ್ದು, ಪೆವಿಲಿಯನ್ ಮೆಟ್ಟಿಲಿಳಿದು ನಡೆದು ಬರುವವರದ್ದು. ಅಂತಾರಾಷ್ಟ್ರೀಯ ಟಿ20ಯಲ್ಲೇ ಅದು 90 ಸೆಕೆಂಡು. ನಮ್ಮಲ್ಲಿ ಮುಂದಿನ ಬ್ಯಾಟ್ಸ್‌ಮನ್ ಬೌಂಡರಿ ಸುಣ್ಣದ ಗೆರೆಯ ಹೊರಗೆ, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಿರುತ್ತಾನೆ. 90 ಸೆಕೆಂಡು ಧಾರಾಳ ಆಯಿತು.

ನಾನು ಬರೆಸುವ ಹಾಳೆ ಹೀಗಿರುತ್ತದೆ:

- ಒಂದು ಓವರ್ ಮುಗಿದ ಮೇಲೆ ಮುಂದಿನದರ ಮೊದಲ ಬಾಲಿಗೆ 60 ಸೆಕೆಂಡು.
- ವಿಕೆಟ್ ಬಿದ್ದ ಮೇಲೆ ಹೊಸ ಬ್ಯಾಟ್ಸ್‌ಮನ್‌ಗೆ 90 ಸೆಕೆಂಡು.
- ಬಾಲು ಕಳೆದರೆ 2 ನಿಮಿಷ ಹುಡುಕಾಟ. ಆಮೇಲೆ ಅಷ್ಟೇ ಸವೆದ ಬೇರೆ ಬಾಲು.
- ಇನ್ನಿಂಗ್ಸ್ ನಡುವೆ 5 ನಿಮಿಷ.
- 60 ಸೆಕೆಂಡು ಮೀರಿದರೆ ಎರಡು ಎಚ್ಚರಿಕೆ, ಮೂರನೆಯ ಸಲ ಎದುರಾಳಿಗೆ 5 ರನ್.
- ಬೇಕಂತಲೇ ತಡ ಮಾಡುತ್ತಿದ್ದಾರೆ ಅಂತ ಅಂಪೈರ್‌ಗೆ ಅನಿಸಿದರೆ ಎಂಸಿಸಿ ನಿಯಮದ ಹಾಗೆ ಒಂದೇ ಎಚ್ಚರಿಕೆ.

60 ಸೆಕೆಂಡು, ಎರಡು ಎಚ್ಚರಿಕೆ, ಮೂರನೆಯದಕ್ಕೆ 5 ರನ್ ಅನ್ನುವುದು ನನ್ನ ತಲೆಯಿಂದ ಬಂದದ್ದಲ್ಲ. ಐಸಿಸಿ 2023ರ ಡಿಸೆಂಬರಿನಲ್ಲಿ ಪ್ರಯೋಗಕ್ಕೆ ಅಂತ ಶುರು ಮಾಡಿದ ಸ್ಟಾಪ್ ಕ್ಲಾಕ್ ಅದು. 2024ರ ಜೂನ್ 12ರಂದು ನ್ಯೂಯಾರ್ಕಿನಲ್ಲಿ ನಡೆದ ಟಿ20 ವಿಶ್ವಕಪ್ ಮ್ಯಾಚ್ ನೋಡಿದ್ದೀರಲ್ವಾ? ಭಾರತಕ್ಕೆ 30 ಬಾಲಿಗೆ 35 ಬೇಕಿತ್ತು. ಅಮೆರಿಕ ಟೀಮು ಮೂರನೆಯ ಸಲ 60 ಸೆಕೆಂಡು ಮೀರಿತು. 5 ರನ್ ಸೇರಿ 30 ಬಾಲಿಗೆ 30 ಆಯಿತು. ಅಂಪೈರ್‌ಗಳ ಮೇಲೆ ಯಾರೂ ಹರಿಹಾಯಲಿಲ್ಲ, ಯಾಕೆಂದರೆ ಎರಡು ಸಲ ಹೇಳಿಯಾಗಿತ್ತು.

ಇಲ್ಲಿ ಒಂದು ಮಾತು. ಇಪ್ಪತ್ತು ಓವರಿನ ಆಟದಲ್ಲಿ 5 ರನ್ ಬೇರೆ, ಆರು ಓವರಿನ ಆಟದಲ್ಲಿ 5 ರನ್ ಬೇರೆ. ನಮ್ಮಲ್ಲಿ 50 ಹೊಡೆದರೆ ಅದೇ ಒಳ್ಳೆ ಸ್ಕೋರು. ಅದರ ಹತ್ತನೇ ಒಂದು ಭಾಗವನ್ನು ಒಂದು ಸನ್ನೆಯಲ್ಲಿ ಕೊಟ್ಟುಬಿಡುತ್ತೀರಿ. ಆಯೋಜಕರು 3 ರನ್ ಅಂತ ಬರೆಸುತ್ತೇವೆ ಅಂದರೆ ನಾನು ಬೇಡ ಅನ್ನುವುದಿಲ್ಲ. ಬರೆದದ್ದು ಎಷ್ಟೇ ಇರಲಿ, ಮ್ಯಾಚಿನ ನಡುವೆ ಬದಲಾಗಬಾರದು.

ಹಾಳೆಯನ್ನು ಹಿಂದಿನ ದಿನವೇ ಟೀಮುಗಳ ವಾಟ್ಸಾಪ್ ಗ್ರೂಪಿಗೆ ಹಾಕಿಸಿ. ಬೆಳಿಗ್ಗೆ ಕ್ಯಾಪ್ಟನ್‌ಗಳನ್ನು ಕರೆದು ಓದಿ ಹೇಳಿ, ಸಹಿ ಹಾಕಿಸಿ. "ಗ್ರೂಪ್ ನೋಡಿಲ್ಲ ಸರ್" ಅನ್ನುವವನು ಪ್ರತಿ ಟೂರ್ನಿಯಲ್ಲೂ ಒಬ್ಬ ಇದ್ದೇ ಇರುತ್ತಾನೆ. ಸಹಿ ಅವನಿಗೋಸ್ಕರ.

3. ಮೊದಲ ಮ್ಯಾಚಿನ ಮೊದಲ ಓವರಿನಿಂದಲೇ ಶುರು ಮಾಡಿ

ಸಣ್ಣ ನಿಯಮಗಳನ್ನು ಕಂಡೂ ಕಾಣದ ಹಾಗೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಬೇಸ್‌ಬಾಲ್ ಒಳ್ಳೆ ಉದಾಹರಣೆ. ನಮ್ಮಲ್ಲಿ ಆ ಆಟ ಕಮ್ಮಿ, ಅದಕ್ಕೆ ಚೂರು ವಿವರಿಸುತ್ತೇನೆ. ಅಲ್ಲಿ ಬಾಲು ಎಸೆಯುವವನು ಪಿಚರ್. ಹೊಡೆಯಬೇಕಾದ ಎಸೆತವನ್ನು ಬ್ಯಾಟ್ಸ್‌ಮನ್ ತಪ್ಪಿಸಿಕೊಂಡರೆ ಅದು ಸ್ಟ್ರೈಕ್, ಅಂಥ ಮೂರು ಆದರೆ ಅವನು ಔಟು. ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿದರೆ, ಅದಕ್ಕೆ ಅವರು ಬಾಲ್ ಅಂತಲೇ ಹೆಸರಿಟ್ಟಿದ್ದಾರೆ, ಬ್ಯಾಟ್ಸ್‌ಮನ್ ಪುಕ್ಕಟೆ ಮೊದಲ ಬೇಸಿಗೆ, ಅಂದರೆ ರನ್ನಿಗಾಗಿ ಸುತ್ತಬೇಕಾದ ನಾಲ್ಕು ಜಾಗಗಳಲ್ಲಿ ಮೊದಲನೆಯದಕ್ಕೆ, ನಡೆಯುತ್ತಾನೆ.

ಬೇಸ್‌ನಲ್ಲಿ ಯಾರೂ ಇಲ್ಲದಾಗ ಪಿಚರ್ 12 ಸೆಕೆಂಡಿನೊಳಗೆ ಎಸೆಯಬೇಕು ಅಂತ ಅವರ ಪುಸ್ತಕದಲ್ಲಿ ವರ್ಷಗಟ್ಟಲೆ ಬರೆದೇ ಇತ್ತು. ಯಾವ ಅಂಪೈರೂ ಅದನ್ನು ಗಟ್ಟಿಯಾಗಿ ಹಿಡಿಯಲಿಲ್ಲ. ಯಾಕೆ ಹಿಡಿಯುತ್ತಾರೆ? ಒಬ್ಬನೇ ಹಿಡಿದರೆ ಅವನೇ ಕಿರಿಕ್ ಪಾರ್ಟಿ ಆಗುತ್ತಾನೆ. ಹೀಗೆ ಎಲ್ಲರೂ ಬಿಟ್ಟು ಬಿಟ್ಟು, 2021ರ ಹೊತ್ತಿಗೆ ಒಂಬತ್ತು ಇನ್ನಿಂಗ್ಸಿನ ಒಂದು ಆಟ ಸರಾಸರಿ 3 ಗಂಟೆ 10 ನಿಮಿಷಕ್ಕೆ ಬಂತು. ಕೊನೆಗೆ 2023ರಲ್ಲಿ ಮೇಜರ್ ಲೀಗಿನವರು ಎಲ್ಲರಿಗೂ ಕಾಣುವ ಹಾಗೆ ಮೈದಾನದಲ್ಲೇ ಗಡಿಯಾರ ಇಟ್ಟರು. ಬೇಸ್ ಖಾಲಿ ಇದ್ದರೆ 15 ಸೆಕೆಂಡು, ಯಾರಾದರೂ ಇದ್ದರೆ 20. ಪಿಚರ್ ಮೀರಿದರೆ ಅವನ ಲೆಕ್ಕಕ್ಕೆ ಒಂದು ಬಾಲ್. ಗಡಿಯಾರದಲ್ಲಿ 8 ಸೆಕೆಂಡು ಉಳಿದಿರುವಾಗ ಬ್ಯಾಟ್ಸ್‌ಮನ್ ರೆಡಿ ಇಲ್ಲದಿದ್ದರೆ ಅವನ ಲೆಕ್ಕಕ್ಕೆ ಒಂದು ಸ್ಟ್ರೈಕ್. ಆ ವರ್ಷ ಸರಾಸರಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು.

ನನಗೆ ಹಿಡಿಸಿದ್ದು ಅವರು ಶುರು ಮಾಡಿದ ಹೊತ್ತು. ಸೀಸನ್‌ಗೆ ಮೊದಲು ನಡೆಯುವ ಅಭ್ಯಾಸ ಪಂದ್ಯಗಳಲ್ಲೇ ಪೂರ್ತಿ ಬಿಗಿ ಮಾಡಿದರು. 2023ರ ಫೆಬ್ರವರಿ 25ರಂದು ಅಟ್ಲಾಂಟಾ ಬ್ರೇವ್ಸ್, ಬೋಸ್ಟನ್ ರೆಡ್ ಸಾಕ್ಸ್ ಅಭ್ಯಾಸ ಪಂದ್ಯ 6-6ರಲ್ಲಿ ಸಮವಾಗಿತ್ತು. ಕೊನೆಯ ಇನ್ನಿಂಗ್ಸ್, ಇಬ್ಬರು ಔಟಾಗಿದ್ದರು, ಮೂರೂ ಬೇಸ್‌ನಲ್ಲಿ ಜನ. ಬ್ಯಾಟ್ಸ್‌ಮನ್ ಕ್ಯಾಲ್ ಕಾನ್ಲಿ ವಿರುದ್ಧ ಎರಡು ಸ್ಟ್ರೈಕ್, ಪರವಾಗಿ ಮೂರು ಬಾಲ್. ಅವನು ಹೊತ್ತಿಗೆ ಸರಿಯಾಗಿ ರೆಡಿ ಆಗಿರಲಿಲ್ಲ ಅಂತ ಅಂಪೈರ್ ಮೂರನೇ ಸ್ಟ್ರೈಕ್ ಕೊಟ್ಟರು. ಪಂದ್ಯ ಟೈ ಆಗಿ ಅಲ್ಲಿಗೇ ಮುಗಿಯಿತು. ಕಾನ್ಲಿಯಂತೂ ನಾಲ್ಕನೇ ಬಾಲ್ ಸಿಕ್ಕಿತು, ತಾನೇ ಗೆಲ್ಲಿಸಿದೆ ಅಂದುಕೊಂಡು ಮೊದಲ ಬೇಸಿನ ಕಡೆ ಹೊರಟಿದ್ದ. ನೋಡಿದವರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು. ಆದರೆ ಕಳೆದುಕೊಳ್ಳಲು ಏನೂ ಇಲ್ಲದ ಪಂದ್ಯದಲ್ಲೇ ಎಲ್ಲರಿಗೂ ಪಾಠ ಆಯಿತಲ್ಲ.

ನಮಗೆ ಅಭ್ಯಾಸ ಪಂದ್ಯ ಇಲ್ಲ, ಬೆಳಗಿನ ಮೊದಲ ಎರಡು ಮ್ಯಾಚೇ ಅದು. ಅಲ್ಲಿ ಪ್ರತಿ ಓವರಿಗೂ ವಾಚ್ ಒತ್ತಿ. ಮೀರಿದರೆ ಎಚ್ಚರಿಕೆ ಕೊಡಿ, ಮೈಕ್‌ನವರಿಂದ ಹೇಳಿಸಿ. ಶಾಮಿಯಾನದಲ್ಲಿ ಕೂತ ಉಳಿದ ಟೀಮುಗಳು ಕೇಳಿಸಿಕೊಳ್ಳುತ್ತವೆ. ಮಧ್ಯಾಹ್ನದ ಹೊತ್ತಿಗೆ ನೀವು ಬಾಯಿ ಬಿಡಬೇಕಾಗಿಯೇ ಇರುವುದಿಲ್ಲ.

ನಾನು ಇದನ್ನು ಕಲಿತದ್ದು ಮಾನ ಕಳೆದುಕೊಂಡು. ಒಂದು ಊರಿನ ಟೂರ್ನಿಯಲ್ಲಿ ಎರಡು ದಿನ ಸುಮ್ನೆ ಇದ್ದು, ಫೈನಲ್‌ನ ಐದನೇ ಓವರಿನಲ್ಲಿ ಒಂದು ಎಚ್ಚರಿಕೆ ಕೊಟ್ಟು, ಓವರ್ ಮುಗಿದ ಬೆನ್ನಿಗೇ 5 ರನ್ ಕೊಟ್ಟೆ. ಪುಸ್ತಕದ ಪ್ರಕಾರ ಒಂದಕ್ಷರ ತಪ್ಪಿರಲಿಲ್ಲ. "ನಿನ್ನೆ ಬೆಳಿಗ್ಗೆಯಿಂದ ಸುಮ್ನಿದ್ರಲ್ಲ ಸರ್, ಈಗ ಏನು ಬಂತು?" ಅಂತ ಕ್ಯಾಪ್ಟನ್ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

4. ಆದ ತಡವೋ, ಮಾಡಿದ ತಡವೋ ನೋಡಿ

ಇಡೀ ಲೇಖನದಲ್ಲಿ ಒಂದೇ ಕಡೆ ನಿಲ್ಲುವುದಾದರೆ ಇಲ್ಲಿ ನಿಲ್ಲಿ. ತಡ ಆಗುವುದು ಬೇರೆ, ತಡ ಮಾಡುವುದು ಬೇರೆ. ವಾಚ್‌ಗೆ ಎರಡೂ ಒಂದೇ. ಅಂಪೈರ್ ಅಂತ ಒಬ್ಬ ಮನುಷ್ಯನನ್ನು ನಿಲ್ಲಿಸಿರುವುದು ಎರಡನ್ನೂ ಬೇರೆ ಮಾಡುವುದಕ್ಕೆ.

ಸಿಕ್ಸ್ ಹೋಗಿ ಬಾಲು ಅಡಿಕೆ ತೋಟದ ಅಗಳಕ್ಕೆ ಬಿತ್ತು. ಅಗಳ ಅಂದರೆ ತೋಟದ ಸುತ್ತ ದನ ಬಾರದಿರಲಿ ಅಂತ ತೋಡಿದ ಆಳದ ಕಾಲುವೆ, ಬಯಲುಸೀಮೆಯವರಿಗೆ ಹೇಳುತ್ತಿದ್ದೇನೆ. ಅದರೊಳಗೆ ಇಳಿದವನು ಮುಳ್ಳು ಬಿಡಿಸಿಕೊಂಡು ಮೇಲೆ ಬರಲು ಹೊತ್ತು ಬೇಕು. ಅದು ಆದ ತಡ. ಪಿಚ್ ಮೇಲೆ ದನ ಬಂತು, ಬೌಲರ್ ಕಾಲು ಉಳುಕಿತು, ಹೊನಲು ಬೆಳಕಿನ ಪಂದ್ಯದಲ್ಲಿ ಕರೆಂಟ್ ಹೋಗಿ ಜನರೇಟರ್ ಹಚ್ಚಬೇಕಾಯಿತು, ಇವೆಲ್ಲ ಅದೇ. ಹೀಗಾದಾಗ ವಾಚ್ ನಿಲ್ಲಿಸಿ. ಓವರ್ ನಡುವಿನ ಬಿಡುವಿನಲ್ಲೇ ಹೊಸ ಬ್ಯಾಟ್ಸ್‌ಮನ್ ಬರುತ್ತಿದ್ದರೆ ಫೀಲ್ಡಿಂಗ್ ಟೀಮಿನ 60 ಸೆಕೆಂಡನ್ನು ಎಣಿಸಬೇಡಿ. ಐಸಿಸಿಯೂ ಎಣಿಸುವುದಿಲ್ಲ.

ಈಗ ಇನ್ನೊಂದು ಥರ ನೋಡಿ. ಅದೇ ಅಗಳದ ಕಡೆ ಬಾಲು ಹೋಗಿದೆ. ಹುಡುಗ ದಂಡೆಯ ಮೇಲೆ ನಿಂತು ಕ್ಯಾಪ್ಟನ್ ಮುಖ ನೋಡುತ್ತಿದ್ದಾನೆ. ಕ್ಯಾಪ್ಟನ್ ಆಕಾಶ ನೋಡುತ್ತಿದ್ದಾನೆ. ಎರಡು ಓವರಿಗೆ 14 ಬೇಕು, ಕತ್ತಲಾಗುತ್ತಿದೆ. ಇದು ಮಾಡಿದ ತಡ. ಶೂ ಲೇಸ್ ಎರಡನೇ ಸಲ ಬಿಚ್ಚಿಕೊಳ್ಳುತ್ತದೆ. ಡೀಪ್ ಮಿಡ್ ವಿಕೆಟ್‌ನವನನ್ನು ನಾಲ್ಕು ಹೆಜ್ಜೆ ಎಡಕ್ಕೆ, ಮತ್ತೆ ನಾಲ್ಕು ಹೆಜ್ಜೆ ಬಲಕ್ಕೆ ಕಳಿಸುತ್ತಾರೆ. ಬೌಲರ್ ರನ್ನಪ್ಪಿನ ನಡುವೆ ನಿಂತು "ಸ್ಟೆಪ್ ತಪ್ಪಿತು" ಅನ್ನುತ್ತಾನೆ. ಒಂದು ಸಲ ತಪ್ಪುವುದು ಸಹಜ. ಮೂರು ಸಲ ತಪ್ಪಿದರೆ ಅದು ಸ್ಟೆಪ್ ಅಲ್ಲ.

ನನಗೆ ಅನುಮಾನ ಬಂದಾಗ ಎರಡು ಪ್ರಶ್ನೆ ಹಾಕಿಕೊಳ್ಳುತ್ತೇನೆ. ಈ ತಡದಿಂದ ಯಾರಿಗೆ ಲಾಭ? ಇದೇ ಟೀಮು ಬೆಳಿಗ್ಗೆ, ತಡದಿಂದ ಲಾಭ ಇಲ್ಲದಾಗ, ಎಷ್ಟು ಚುರುಕಾಗಿ ಆಡಿತ್ತು? ಸ್ವಭಾವತಃ ನಿಧಾನ ಇರುವ ಟೀಮುಗಳೂ ಇರುತ್ತವೆ. ಅವರಿಗೆ 60 ಸೆಕೆಂಡಿನ ಸಾಮಾನ್ಯ ಎಚ್ಚರಿಕೆ ಸಾಕು. ಬೆಳಿಗ್ಗೆ ಓಡಾಡಿ ಆಡಿದವರು ಸಂಜೆ ಏಕಾಏಕಿ ಮೆತ್ತಗಾದರೆ ಅದು ಸುಸ್ತೋ ಉಪಾಯವೋ ಅನ್ನುವುದು ಮುಖದಲ್ಲೇ ಗೊತ್ತಾಗುತ್ತದೆ.

ಇದಕ್ಕೆ ಎಲ್ಲರೂ ಶ್ರೀಲಂಕಾದ ಏಂಜೆಲೋ ಮ್ಯಾಥ್ಯೂಸ್ ಪ್ರಕರಣ ಎತ್ತುತ್ತಾರೆ. 2023ರ ನವೆಂಬರ್ 6, ದೆಹಲಿ, ವಿಶ್ವಕಪ್ಪಿನಲ್ಲಿ ಶ್ರೀಲಂಕಾ, ಬಾಂಗ್ಲಾದೇಶ. ಆ ಟೂರ್ನಿಯಲ್ಲಿ ಹೊಸ ಬ್ಯಾಟ್ಸ್‌ಮನ್‌ಗೆ ಇದ್ದದ್ದು 2 ನಿಮಿಷ. ಮ್ಯಾಥ್ಯೂಸ್ ಬಂದರು, ಹೆಲ್ಮೆಟ್ ಪಟ್ಟಿ ಕಿತ್ತುಬಂತು, ಬೇರೆ ಹೆಲ್ಮೆಟ್ ತರಿಸಲು ಕೈ ಮಾಡಿದರು. ಬಾಂಗ್ಲಾದೇಶದ ಕ್ಯಾಪ್ಟನ್ ಶಕೀಬ್ ಅಪೀಲ್ ಮಾಡಿದರು, ಔಟ್ ಕೊಟ್ಟಾಯಿತು. ಅಂತಾರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಹೀಗೆ ಔಟಾದ ಮೊದಲಿಗರು ಅವರೇ. ಪಟ್ಟಿ ಕಿತ್ತದ್ದು ಆದ ತಡ ಅಲ್ವಾ ಅಂತ ನೀವು ಕೇಳಬಹುದು. ಆದರೆ ಪಟ್ಟಿ ಕೀಳುವ ಮೊದಲೇ 2 ನಿಮಿಷದೊಳಗೆ ಅವರು ರೆಡಿ ಆಗಿರಲಿಲ್ಲ ಅಂತ ಆ ಮ್ಯಾಚಿನ ನಾಲ್ಕನೇ ಅಂಪೈರ್ ಹೇಳಿದರು. ಮ್ಯಾಥ್ಯೂಸ್ ಅದನ್ನು ಒಪ್ಪಲಿಲ್ಲ. ಆ ಜಗಳ ನಮಗೆ ಬೇಡ. ನಮಗೆ ಬೇಕಾದದ್ದು ಇಷ್ಟು: ಏನಾದರೂ ಕಿತ್ತುಹೋದರೆ, ಹರಿದರೆ, ಕಳೆದರೆ ಮೊದಲು ಅಂಪೈರ್‌ಗೆ ಹೇಳಿ ಅಂತ ಆಟಗಾರರಿಗೆ ಬೆಳಿಗ್ಗೆಯೇ ತಿಳಿಸಿಡಿ. ಹೇಳಿದವನಿಗೆ ವಾಚ್ ನಿಲ್ಲಿಸಿ.

ಟೈಮ್ಡ್ ಔಟ್ ಅಪೀಲ್ ಬಂದಾಗ ಕ್ಯಾಪ್ಟನ್‌ನನ್ನು ಒಂದು ಸಲ ಕೇಳಿ: "ಅಪೀಲ್ ಇಟ್ಕೊಳ್ತೀರಾ, ವಾಪಸ್ ತಗೊಳ್ತೀರಾ?" ಅಪೀಲ್ ವಾಪಸ್ ಪಡೆಯಲು ನಿಯಮದಲ್ಲಿ ಅವಕಾಶ ಇದೆ, ನಿಮ್ಮ ಒಪ್ಪಿಗೆ ಬೇಕು ಅಷ್ಟೇ. ಇಟ್ಟುಕೊಳ್ಳುತ್ತೇನೆ ಅಂದರೆ, ಹೊತ್ತು ನಿಜಕ್ಕೂ ಮೀರಿದ್ದರೆ, ಔಟ್ ಕೊಡಿ. ಅಲ್ಲಿ ಕನಿಕರಕ್ಕೆ ಜಾಗ ಇಲ್ಲ.

5. ಎಚ್ಚರಿಕೆ ಕೊಡುವ ರೀತಿ

ಎಚ್ಚರಿಕೆಗೂ ಮೊದಲು ಒಂದು ಮಾತು ಇರಲಿ. ಓವರ್ ಮುಗಿದು ಹೋಗುವಾಗ, ಯಾರಿಗೂ ಕೇಳಿಸದ ಹಾಗೆ, "ಸ್ವಲ್ಪ ಬೇಗ ಮಾಡ್ಸಿ ಕ್ಯಾಪ್ಟನ್, ವಾಚ್ ಓಡ್ತಿದೆ" ಅನ್ನಿ. ಹತ್ತರಲ್ಲಿ ಎಂಟು ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ ಅನ್ನುವುದು ನನ್ನ ಅನುಭವ.

ಮುಗಿಯಲಿಲ್ಲ ಅಂದರೆ ಎಲ್ಲವೂ ಎಲ್ಲರಿಗೂ ಕಾಣುವ ಹಾಗೆ ಆಗಬೇಕು. ಬಾಲು ಆಟದಲ್ಲಿದ್ದರೆ ಡೆಡ್ ಬಾಲ್ ಅನ್ನಿ, ಅಂದರೆ ಆ ಕ್ಷಣಕ್ಕೆ ಆಟ ನಿಂತ ಹಾಗೆ. ಇನ್ನೊಬ್ಬ ಅಂಪೈರ್‌ನನ್ನು ಕರೆದು ವಿಷಯ ಹೇಳಿ. ಫೀಲ್ಡಿಂಗ್ ಕ್ಯಾಪ್ಟನ್‌ನನ್ನು ಹತ್ತಿರ ಕರೆಯಿರಿ, ದೂರದಿಂದ ಕೂಗಬೇಡಿ. ಯಾವ ಎಚ್ಚರಿಕೆ, ಎಷ್ಟನೆಯದು, ಮುಂದಿನದಕ್ಕೆ ಏನು, ಮೂರೇ ಮಾತು. "ಇದು ಮೊದಲ ಮತ್ತು ಕೊನೆಯ ಎಚ್ಚರಿಕೆ. ಇನ್ನೊಂದು ಸಲ ಆದರೆ ಎದುರಾಳಿಗೆ ರನ್ ಹೋಗುತ್ತೆ." ಕ್ರೀಸಿನಲ್ಲಿರುವ ಬ್ಯಾಟ್ಸ್‌ಮನ್‌ಗಳಿಗೂ ಹೇಳಿ. ಸ್ಕೋರರ್ ಕಡೆ ತಿರುಗಿ ಬರೆಸಿ, ನಿಮ್ಮ ನೋಟ್‌ಬುಕ್ಕಿನಲ್ಲೂ ಓವರ್ ನಂಬರ್ ಹಾಕಿಕೊಳ್ಳಿ. ಆಮೇಲೆ "ನೀವು ಹೇಳೇ ಇಲ್ಲ" ಅಂತ ಬಂದರೆ "3.4ನೇ ಬಾಲು" ಅಂತ ತೋರಿಸಲು ಬರುತ್ತದೆ.

5 ರನ್ ಸನ್ನೆ ಎರಡು ಥರ ಇದೆ, ಬಹಳ ಜನ ಅದಲು ಬದಲು ಮಾಡುತ್ತಾರೆ. ಬ್ಯಾಟಿಂಗ್ ಟೀಮಿಗೆ ಕೊಡುವಾಗ ಒಂದು ಕೈಯಿಂದ ಎದುರು ಭುಜವನ್ನು ಪದೇ ಪದೇ ತಟ್ಟಬೇಕು. ಫೀಲ್ಡಿಂಗ್ ಟೀಮಿಗಾದರೆ ಕೈಯನ್ನು ಎದುರು ಭುಜದ ಮೇಲೆ ಸುಮ್ಮನೆ ಇಟ್ಟುಕೊಳ್ಳಬೇಕು. ಮನೆಯಲ್ಲಿ ಕನ್ನಡಿ ಮುಂದೆ ಎರಡು ಸಲ ಮಾಡಿ ನೋಡಿ, ನಗು ಬಂದರೂ ಪರವಾಗಿಲ್ಲ.

ಇಬ್ಬನಿ ಬಿದ್ದ ರಾತ್ರಿ ಬಾಲು ಒರೆಸುವುದನ್ನು ತಪ್ಪು ಅನ್ನಬೇಡಿ. ಒದ್ದೆ ಬಾಲನ್ನು ನೀವು ಒಪ್ಪಿದ ಬಟ್ಟೆಯಲ್ಲಿ ಒರೆಸಲು ನಿಯಮದಲ್ಲೇ ಇದೆ. ಆದರೆ ಒಂದು ಟವಲ್ ಅಂಪೈರ್ ಹತ್ತಿರವೇ ಇರಲಿ. ಟವಲ್ ತರಲು ಬೌಂಡರಿಗೆ ಹೋಗುವುದು ಬಂತು ಅಂದರೆ ಅಲ್ಲೇ ಒಂದು ನಿಮಿಷ ಹೋಯಿತು.

6. ಎಲ್ಲಿ ಎಡವುತ್ತಾರೆ

ಊರಿನ ಟೀಮು, ಪರ ಊರಿನ ಟೀಮು ಅಂತ ಭೇದ ಮಾಡುವುದು. ಬೇಕಂತ ಮಾಡದಿದ್ದರೂ ಆಗಿಬಿಡುತ್ತದೆ. ಪರಿಚಯದವನಿಗೆ "ಏ, ಬೇಗ ಬಾರೋ" ಅನ್ನುತ್ತೀರಿ, ಪರಿಚಯ ಇಲ್ಲದವನಿಗೆ ಎಚ್ಚರಿಕೆ ಕೊಡುತ್ತೀರಿ. ಮೊದಲ ಎಚ್ಚರಿಕೆ ಊರಿನ ಟೀಮಿಗೇ ಬೀಳುವ ಸಂದರ್ಭ ಬಂದರೆ ಬಿಡಬೇಡಿ. ಅದರಷ್ಟು ಉಪಕಾರ ನಿಮಗೆ ಬೇರೆ ಯಾವುದೂ ಮಾಡುವುದಿಲ್ಲ.

ಎರಡನೆಯದು, ಕೊಟ್ಟ ಎಚ್ಚರಿಕೆಯನ್ನು ನುಂಗಿಕೊಳ್ಳುವುದು. ಫೈನಲ್‌ನ ಕೊನೆಯ ಓವರ್, ಎರಡು ಎಚ್ಚರಿಕೆ ಆಗಿದೆ, ಮೂರನೆಯ ಸಲ ಸ್ಪಷ್ಟವಾಗಿ ಮೀರಿದೆ. ಸುತ್ತ ಸಾವಿರ ಜನ. ಕೈ ನಡುಗುತ್ತದೆ, ನಿಜ. ಆದರೂ ಕೊಡಲೇಬೇಕು. ಇಲ್ಲದಿದ್ದರೆ ತಡ ಮಾಡದೆ ಆಡಿದ ಎದುರಾಳಿಗೆ ನೀವೇ ಮೋಸ ಮಾಡಿದ ಹಾಗೆ. ಒಂದೆರಡು ಸೆಕೆಂಡು ಹೆಚ್ಚಾಯಿತು ಅಂತ ಹಿಡಿಯುವುದು ಬೇಡ, ಬೌಲರ್ ಓಡಲು ಶುರು ಮಾಡಿದ್ದರೆ ಬಿಟ್ಟುಬಿಡಿ. ಫೀಲ್ಡರ್‌ಗಳು ಇನ್ನೂ ನಡೆದಾಡುತ್ತಿದ್ದರೆ ಬಿಡಬೇಡಿ.

ಮೂರನೆಯದನ್ನು ಹೇಳಿದರೆ ಆಯೋಜಕರಿಗೆ ಸಿಟ್ಟು ಬರುತ್ತದೆ. ನಮ್ಮ ಟೂರ್ನಿಗಳಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ಆಟಗಾರರಲ್ಲ, ಅತಿಥಿಗಳು. ನಾಲ್ಕನೇ ಓವರ್ ನಡೆಯುತ್ತಿರುತ್ತದೆ, ಕಾರು ಬಂದು ನಿಲ್ಲುತ್ತದೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ, ಎರಡೂ ಟೀಮನ್ನು ಸಾಲಾಗಿ ನಿಲ್ಲಿಸುತ್ತಾರೆ, ಕೈ ಕುಲುಕುವುದು, ಫೋಟೋ, ಒಂದು ಬಾಲು ಆಡಿಸುವುದು. ಹನ್ನೆರಡು ನಿಮಿಷ ಹೋಗುತ್ತದೆ. ಆಮೇಲೆ ನೀವು ಬೌಲರ್‌ಗೆ 60 ಸೆಕೆಂಡು ಅಂದರೆ ಅವನು ನಗುತ್ತಾನೆ. ಇದಕ್ಕೆ ಯಾವ ನಿಯಮದಲ್ಲೂ ಪೆನಾಲ್ಟಿ ಇಲ್ಲ. ಅತಿಥಿಗಳ ಪರಿಚಯ ಎರಡು ಮ್ಯಾಚ್‌ಗಳ ನಡುವೆ ಮಾತ್ರ ಅಂತ ಬೆಳಗಿನ ಸಭೆಯಲ್ಲೇ ಆಯೋಜಕರಿಂದ ಒಪ್ಪಿಸಿಕೊಳ್ಳಿ. ಮೈಕ್‌ನವರಿಗೂ ಹೇಳಿಡಿ, ಪಾಪ ಅವರು ಚೀಟಿ ಬಂದದ್ದನ್ನು ಓದುತ್ತಾರೆ ಅಷ್ಟೇ.

ಇನ್ನು ನಾವೇ. ಇಬ್ಬರು ಅಂಪೈರ್‌ಗಳು ಒಂದು ರನ್ ಔಟ್‌ಗೆ ನಾಲ್ಕು ನಿಮಿಷ ಚರ್ಚೆ ಮಾಡುವುದು, ಯೂಟ್ಯೂಬ್ ಲೈವ್‌ನವರ ಮೊಬೈಲಿನಲ್ಲಿ ರೀಪ್ಲೇ ನೋಡಲು ಹೋಗುವುದು. ರೀಪ್ಲೇ ನೋಡುವುದಿಲ್ಲ ಅಂತ ಹಾಳೆಯಲ್ಲೇ ಬರೆಸಿಬಿಡಿ.

7. ಲೆಗ್ ಅಂಪೈರ್ ಆಟಗಾರನೇ ಆಗಿದ್ದರೆ

ಸಣ್ಣ ಊರುಗಳಲ್ಲಿ ನಿಜವಾದ ಅಂಪೈರ್ ಒಬ್ಬನೇ ಇರುತ್ತಾನೆ. ಸ್ಕ್ವೇರ್ ಲೆಗ್‌ನಲ್ಲಿ ಬ್ಯಾಟಿಂಗ್ ಟೀಮಿನವನೇ ಒಬ್ಬ ನಿಲ್ಲುತ್ತಾನೆ. ಇದೇ ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ, ಆಗ ಹೊತ್ತು ನೋಡುವುದು ಯಾರು? ಅವನ ಕೈಗೆ ಮಾತ್ರ ವಾಚ್ ಕೊಡಬೇಡಿ. ಅವನು ಪ್ರಾಮಾಣಿಕನೇ ಇರಬಹುದು, ಎದುರು ಟೀಮು ನಂಬುವುದಿಲ್ಲ. ನೀವೇ ಹಿಡಿದರೆ ಬಾಲು ಎಣಿಸುವುದು ತಪ್ಪುತ್ತದೆ. ವಾಚನ್ನು ಸ್ಕೋರರ್ ಟೇಬಲ್ಲಿಗೆ ಕೊಡಿ. ಓವರ್ ಮುಗಿದಾಗ ನೀವು ಕೈ ಎತ್ತಬೇಕು, ಅವರು ಒತ್ತಬೇಕು. 45 ಸೆಕೆಂಡಿಗೆ ಮೈಕಿನಲ್ಲಿ "ಹದಿನೈದು" ಅಂತ ಒಂದೇ ಮಾತು ಹೇಳಬೇಕು. ಅಷ್ಟು ಕೇಳಿಸಿದರೆ ಸಾಕು, ಲಾಂಗ್ ಆನ್‌ನಲ್ಲಿ ಕಳ್ಳೇಕಾಯಿ ತಿನ್ನುತ್ತ ನಿಂತವನೂ ಓಡಿ ಜಾಗಕ್ಕೆ ಬರುತ್ತಾನೆ.